ತಾಣ ಬಿದ್ದ ದಿನ ಬಸವಕಲ್ಯಾಣದಲ್ಲಿ

ಬೆಳಿಗ್ಗೆ ಕಲಬುರಗಿಯಿಂದ ಹೊರಟ ಬಸ್ಸು ಹುಮನಾಬಾದ್ ಮುಟ್ಟುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬ್ಲಾಗ್ ತಂತ್ರಾಂಶ ಬರೆಯುವ ನಮ್ಮಂಥವರ ಸಮಾವೇಶ ಈ ಸಲ ಬಸವಕಲ್ಯಾಣದಲ್ಲಿತ್ತು. ಅಲ್ಲಿಗೆ ಯಾರು ಹೋಗುತ್ತಾರೆ, ಹೈದರಾಬಾದಿನಲ್ಲೇ ಮಾಡಿ ಎಂದು ಹಲವರು ಮೂಗು ಮುರಿದಿದ್ದರು. ಅಲ್ಲೇ ಹತ್ತಿರದ ಮುಡಬಿಯ ಅಂಬಿಕಾ ಹಟ ಹಿಡಿದು ತನ್ನ ಕಡೆಗೆ ಎಳೆತಂದಿದ್ದಳು. ಕುರ್ಚಿಗಳು ಖಾಲಿ ಉಳಿದರೆ ಮುಂದಿನ ಸಲದಿಂದ ಹೈದರಾಬಾದೇ ಎಂದು ಮಾತಾಗಿತ್ತು.

ಅಲ್ಲಿನ ಬಸ್ ನಿಲ್ದಾಣದಲ್ಲಿ ಇಳಿದು ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಭಜಿ ಹಾಕಿಸಿಕೊಂಡೆ. ಸಭಾಂಗಣದ ವಿಳಾಸಕ್ಕೆಂದು ಸಮಾವೇಶದ ಜಾಲತಾಣ ತೆರೆದರೆ ಬರೀ ಬಿಳಿ ಪರದೆ. ಮತ್ತೆ ತೆರೆದೆ, ಅದೇ ಬಿಳಿ. ಗೊತ್ತಾಗಿಹೋಯಿತು: ಯಾರೋ ಪುಣ್ಯಾತ್ಮರು ಸಮಾವೇಶದ ದಿನವೇ ತಾಣವನ್ನು ಅಪ್‌ಡೇಟ್ ಮಾಡಿದ್ದಾರೆ! ಬೇರೆಯವರ ಆ್ಯಪ್ ನಮಗೇಕೆ, ಎಲ್ಲವೂ ನಮ್ಮ ತಾಣದಲ್ಲೇ ಇರಲಿ ಎಂಬುದು ನಮ್ಮವರ ಜಂಬ. ಹಾಗಾಗಿ ವಿಳಾಸ, ಅಂಬಿಕಾಳ ನಂಬರು, ನಾವು ಹರಟುವ ಕಟ್ಟೆ ಎಲ್ಲವೂ ಅದರೊಂದಿಗೇ ಮುಳುಗಿದ್ದವು.

ಬೈದುಕೊಳ್ಳುತ್ತಲೇ ಮುಂದಿನ ಬಸ್ ಹತ್ತಿದೆ. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ತಿರುಗಿದ ಮೇಲೆ ಎರಡೂ ಬದಿ ತೊಗರಿ ಹೂಬಿಟ್ಟಿತ್ತು. ನೋಡುವ ಮನಸ್ಸಿರಲಿಲ್ಲ. ಎಷ್ಟು ಜನ ಈಗಾಗಲೇ ವಾಪಸ್ ಹೊರಟರೋ ಎಂಬ ಚಿಂತೆ ನನಗೆ.

ಬಸವಕಲ್ಯಾಣದಲ್ಲಿ ಇಳಿದು ಮತ್ತೆ ಫೋನ್ ಹಿಡಿದು ನಿಂತಿದ್ದೆ. ಬಿಳಿಗಡ್ಡದ ಆಟೊದವರೊಬ್ಬರು ಎದುರಿಗೆ ಬಂದರು.

"ಕಂಪ್ಯೂಟರ್ ಜಲ್ಸಾಕ್ಕ ಬಂದೀರೇನ್ರಿ? ಕುಂದರ್ರಿ."

"ನಿಮಗೆ ಹ್ಯಾಂಗ ಗೊತ್ತಾತ್ರಿ?"

"ಹೆಗಲಮ್ಯಾಲ ಕರಿ ಚೀಲ, ಕೈಯಾಗ ಫೋನು, ಮಾರಿ ಮ್ಯಾಲ ಸಿಟ್ಟು. ಹಿಂಗ ಇದ್ದವ್ರನ್ನ ಬಿಡಬ್ಯಾಡ್ರಿ ಚಾಚಾ ಅಂತ ಆ ಹುಡುಗಿ ಹೇಳ್ಯಾಳ. ಮುಂಜಾನಿಂದ ಇದೇ ಕೆಲಸ ಮಾಡಾಕತ್ತೀವಿ ನೋಡ್ರಿ!"

ನಗು ತಡೆಯಲಾಗಲಿಲ್ಲ.

ಸಭಾಂಗಣದ ಬಾಗಿಲಲ್ಲಿ ನಿಂತಿದ್ದ ಅಂಬಿಕಾಳ ಮುಖ ಬಾಡಿಹೋಗಿತ್ತು. "ನಾನೇ ಮಾಡೀನ್ರಿ ಅಕ್ಕಾ. ಇವತ್ತ ಚಂದ ಕಾಣಲಿ ಅಂತ ಹೊಸಾದು ಹಾಕಿದೆ, ಬಿತ್ತು. ರಿಪೇರಿ ಮಾಡ್ಕೋತ ಕುಂತ್ರ ಮಂದಿ ಹೊಳ್ಳಿ ಹೋಗ್ತಾರಂತ ಆಟೊ ಸ್ಟ್ಯಾಂಡಿಗಿ ಓಡಿದೆ."

ದಾರಿಯುದ್ದಕ್ಕೂ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಬಾಗಿಲಲ್ಲೇ ಬಿಟ್ಟೆ. ಅವಳ ಕೈ ಹಿಡಿದು ಒಳಗೆ ನಡೆದೆ.

ಊಟದ ಹೊತ್ತಿಗೆ ಪಕ್ಕದ ಅಂಗಡಿಗಳಿಂದ ಕುರ್ಚಿ ತರಿಸಬೇಕಾಯಿತು. ಆಮೇಲೆ ನಾನು ಮಾಡಬೇಕಿದ್ದ ಭಾಷಣ ಬದಿಗಿಟ್ಟು ಎಲ್ಲರೂ ಆ ಬಿಳಿ ಪರದೆಯನ್ನೇ ಪಾಠ ಮಾಡಿಕೊಂಡೆವು. ಕಾರ್ಯಕ್ರಮದ ದಿನ ತಾಣ ಮುಟ್ಟಬಾರದು, ಹಳೆಯ ಪ್ರತಿ ಕೈಗೆ ಸಿಗುವಂತಿರಬೇಕು, ವಿಳಾಸ ಇನ್ನೊಂದು ಕಡೆಯೂ ಇರಬೇಕು. ಎಲ್ಲರಿಗೂ ಗೊತ್ತಿದ್ದದ್ದೇ, ಯಾರೂ ಮಾಡದಿದ್ದದ್ದು. ಸಂಜೆ, ಮುಂದಿನ ಸಲ ಎಲ್ಲಿ ಎಂಬ ಪ್ರಶ್ನೆ ಬಂದಾಗ ಅಂಬಿಕಾ ತಲೆ ತಗ್ಗಿಸಿದಳು. ತಲೆ ಎತ್ತಿದಾಗ ಬಸವಕಲ್ಯಾಣಕ್ಕೆಂದು ಎತ್ತಿದ ಕೈಗಳೇ ಕಂಡವು. ಅವಳು ಅತ್ತುಬಿಟ್ಟಳು.

ವಾಪಸ್ ಬರುವಾಗ ಹುಮನಾಬಾದಿನಲ್ಲಿ ಬಸ್ ನಿಂತಾಗ ತಾಣ ತೆರೆದು ನೋಡಿದೆ. ಸರಿಯಾಗಿತ್ತು. ವಿಳಾಸದ ಕೆಳಗೆ ಹೊಸದೊಂದು ಸಾಲು ಸೇರಿತ್ತು: "ಈ ಪುಟ ತೆರೀಲಿಲ್ಲಂದ್ರ ಬಸ್ ಸ್ಟ್ಯಾಂಡಿನ ಮುಂದ ಸಿಟ್ಟಿನ ಮಾರಿ ಮಾಡಿ ನಿಂದರ್ರಿ, ಚಾಚಾ ಬರ್ತಾರ."