ಗಾಜಿನ ಮೇಲೆ ಎರಡು ತೊಟ್ಟು ಎಣ್ಣೆ

ರಾವಂದೂರಿನಲ್ಲಿ ಇನ್ನೂ ಹಾಲಿನ ಡೇರಿಯ ಬಾಗಿಲು ತೆರೆದಿಲ್ಲ. ವೀರಭದ್ರಸ್ವಾಮಿ ಆಗಲೇ ತಮ್ಮ ರಿಪೇರಿ ಶೆಡ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಬಕೆಟ್ ನೀರನ್ನು ನೋಡುತ್ತಿದ್ದಾರೆ. ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿದ ಎರಡು ಔಷಧಿ ಬಾಟಲಿ. ಒಂದರಲ್ಲಿ ಡಬ್ಬದಿಂದ ಈಗಷ್ಟೇ ಸುರಿದ ಹೊಸ ಎಂಜಿನ್ ಆಯಿಲ್. ಇನ್ನೊಂದರಲ್ಲಿ ಕರಿಯಪ್ಪನವರ ಜೀಪಿನಿಂದ ಇಳಿಸಿದ ಕಪ್ಪು ಆಯಿಲ್. ದಾರಿಹೋಕರಿಗೆ ಇದು ಮಾಟವೋ ಮದ್ದೋ ಅನ್ನಿಸಿದರೆ ತಪ್ಪಿಲ್ಲ.

ಕರಿಯಪ್ಪ ಪಕ್ಕದಲ್ಲೇ ನಿಂತಿದ್ದಾರೆ, ನಿಂತಲ್ಲಿ ನಿಲ್ಲಲಾರದೆ. ವೀರನಹೊಸಹಳ್ಳಿಯಿಂದ ಕತ್ತಲಲ್ಲೇ ಹೊರಟು, ಹುಣಸೂರು ದಾಟಿ, ಜೀಪನ್ನು ಆಮೆಯ ಹಾಗೆ ಓಡಿಸಿಕೊಂಡು ಬಂದವರು. ಹೊಗೆಸೊಪ್ಪು ಮುರಿಯುವ ಹೆಂಗಸರನ್ನು ಹೊಲದಿಂದ ಹೊಲಕ್ಕೆ ಕರೆದೊಯ್ಯುವುದು ಈ ಜೀಪು. ಅವರ ಹೆಂಡತಿ ವಿಮಲಮ್ಮ ಆ ಗುಂಪಿನ ಮೇಸ್ತ್ರಿ. ವಾರದಿಂದ ಆಯಿಲಿನ ಕೆಂಪು ದೀಪ ಆರುತ್ತಿಲ್ಲ. ಎಂಜಿನ್ನಿನೊಳಗೆ ಆಯಿಲ್ ಸರಿಯಾದ ಒತ್ತಡದಲ್ಲಿ ಹರಿಯುತ್ತಿಲ್ಲ ಎಂಬುದಕ್ಕೆ ಅದು ಸೂಚನೆ. ಸೊಪ್ಪು ಹಣ್ಣಾಗಿ ನಿಂತಿರುವ ಈ ದಿನಗಳಲ್ಲಿ ಜೀಪು ನಿಂತರೆ ಇಡೀ ಗುಂಪಿನ ಕೆಲಸ ಬೇರೆ ಗಾಡಿಯವರ ಪಾಲು.

ಬಾಟಲಿಗಳು ಬಕೆಟ್ಟಿಗೆ ಇಳಿಯುವ ಮೊದಲೇ ಕರಿಯಪ್ಪ ಒಂದು ಆತುರ ಮಾಡಿದ್ದಾರೆ. ಓರೆಯಾಗಿ ನಿಲ್ಲಿಸಿದ ಹಳೇ ಲಾರಿಯ ಗಾಜಿನ ಮೇಲೆ ಎರಡೂ ಆಯಿಲಿನ ಒಂದೊಂದು ತೊಟ್ಟು ತಾವೇ ಬಿಟ್ಟರು. ಕಪ್ಪು ತೊಟ್ಟು ಸರ್ರನೆ ಕೆಳಗೆ ಓಡಿತು, ಹೊಸದು ಹಿಂದೆ ಉಳಿಯಿತು.

"ನೋಡಿ ಸ್ವಾಮಣ್ಣ, ನೀರಾಗೋಗದೆ! ಎಣ್ಣೆದೇ ತಪ್ಪು. ಬೇರೆ ಎಣ್ಣೆ ಉಯ್ದುಬುಟ್ರೆ ಸರಿಯೋಯ್ತದೆ." ಕರಿಯಪ್ಪನವರ ಮುಖ ಹಬ್ಬದ ದಿನದ ಮಗುವಿನ ಮುಖದಂತಾಗಿತ್ತು.

"ಬಿಸಿ ಎಣ್ಣೆ ಯಾವ್ದಾದ್ರೂ ಓಡ್ತದೆ ಕಣಪ್ಪ. ಈಗಿನ್ನೂ ಎಂಜಿನ್ನಿಂದ ಇಳ್ಸಿದೀವಿ. ಬಕೀಟಿಗೆ ಇಡು, ಎರಡೂ ಒಂದೇ ಸಮ ತಣ್ಣಗಾಗ್ಲಿ," ಅಂದರು ವೀರಭದ್ರಸ್ವಾಮಿ.

ಹಿಂದೆ ಅವರಿಗೆ ಬಕೆಟ್ಟೂ ಬೇಕಿರಲಿಲ್ಲ, ಗಾಜೂ ಬೇಕಿರಲಿಲ್ಲ. ಹುಣಸೂರಿನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ನಟ್ಟು ಬೋಲ್ಟು ತೊಳೆಯುತ್ತಾ ಕೆಲಸ ಕಲಿತವರು. ಹೆಬ್ಬೆರಳು ತೋರುಬೆರಳಿನ ನಡುವೆ ಆಯಿಲ್ ಉಜ್ಜಿದರೆ ಅದರ ಹಣೆಬರಹ ತಿಳಿಯುತ್ತಿತ್ತು. ಸಕ್ಕರೆ ಕಾಯಿಲೆ ಬಂದು ಬೆರಳ ತುದಿಗಳು ಸತ್ತವು. ಈಗ ಬಿಸಿ ಸೈಲೆನ್ಸರ್ ಮುಟ್ಟಿದರೂ ಬೊಬ್ಬೆ ಎದ್ದ ಮೇಲೇ ಗೊತ್ತಾಗುವುದು. "ನನ್ನ ಟಾನಿಕ್ ಬಾಟ್ಲೀನೆಲ್ಲ ಎತ್ಕೊಂಡೋಗಿ ಎಣ್ಣೆ ತುಂಬವ್ರೆ. ಮಾತ್ರೆ ನುಂಗು ಅಂದ್ರೆ ಮಾತ್ರ ಕಿವಿ ಕೇಳ್ಸಾಕಿಲ್ಲ," ಎಂದು ಸುಂದ್ರಮ್ಮ ಒಳಗಿನಿಂದಲೇ ಗಂಡನ ಮೇಲೆ ದೂರು ಹೇಳುತ್ತಾರೆ.

ಅವರನ್ನು ನೋಡಲೆಂದೇ ಬಂದ ನಾನು ಕಸುಬಿನ ಗುಟ್ಟು ಕೇಳಿದರೆ ಸುತ್ತುಬಳಸು ಇಲ್ಲ. "ಅಳೇ ಎಂಜಿನ್ನು ಸವೆದಿರ್ತದೆ, ಸಂದು ಅಗಲ ಆಗಿರ್ತದೆ. ಅದಕ್ಕೆ ಮಂದ ಎಣ್ಣೆ ಬೇಕು. ಈಗಿನ ಗಾಡೀಗೆ ಮಾಡಿರೋ ತೆಳ್ಳನ್ದು ಉಯ್ದ್ರೆ ಸಂದೀಲಿ ನಿಲ್ಲಾಕಿಲ್ಲ." ಮಂದವಾಗಿದ್ದರಷ್ಟೇ ಸಾಲದು, ಮಂದವಾಗಿಯೇ ಉಳಿಯಬೇಕು. ಬಿಸಿಯಲ್ಲೂ ಆಯಿಲ್ ತೀರಾ ತೆಳುವಾಗದಿರಲು ಕಂಪನಿಯವರು ಏನೋ ಬೆರೆಸಿರುತ್ತಾರೆ. ಎಂಜಿನ್ನಿನೊಳಗೆ ಅರೆದೂ ಅರೆದೂ ಆ ಬೆರಕೆ ತುಂಡಾಗುತ್ತದೆ. ಡಬ್ಬದ ಮೇಲೆ ಒಂದೇ ನಂಬರು ಇದ್ದರೂ ಒಂದು ಆಯಿಲ್ ತಿಂಗಳೊಳಗೆ ಸೋಲುತ್ತದೆ, ಇನ್ನೊಂದು ತಾಳುತ್ತದೆ. ಯಾವುದು ಸೋಲುತ್ತದೆ, ಯಾವುದು ತಾಳುತ್ತದೆ ಎಂದು ಹುಡುಕುವುದೇ ಈ ಮನುಷ್ಯನ ಹುಚ್ಚು. ಮಸಿ ಕಟ್ಟಿ ದಪ್ಪಗಾಗುವ ಮೊದಲೇ ಆಯಿಲ್ ಇಳಿಸುತ್ತಾರೆ, ಡೀಸೆಲ್ ಬೆರೆತಿದೆಯೇ ಎಂದು ಮೂಸುತ್ತಾರೆ, ಆಮೇಲೆ ಗಾಜಿನ ಮೇಲೆ ಓಡಿಸುತ್ತಾರೆ. ಪಿರಿಯಾಪಟ್ಟಣದ ಅಂಗಡಿಯ ಮಹೇಶ್ಕುಮಾರ್ ಹೊಸ ಡಬ್ಬ ಬಂದಾಗಲೆಲ್ಲ ಇವರಿಗೆಂದೇ ಒಂದಿಷ್ಟು ಎತ್ತಿಡುತ್ತಾರೆ. ಹಾಗೆ ಹುಡುಕಿ ಹುಡುಕಿ ಸಿಕ್ಕ, ತಾಳುವ ಆಯಿಲನ್ನೇ ಕರಿಯಪ್ಪನವರ ಜೀಪಿಗೆ ಹಾಕಿದ್ದು. ಬಕೆಟ್ಟಿನ ಇನ್ನೊಂದು ಬಾಟಲಿಯಲ್ಲಿರುವ ಹೊಸದೂ ಅದೇ ಆಯಿಲ್.

ಒಂದು ಕಾಲಕ್ಕೆ ಕೆ.ಆರ್. ನಗರದಿಂದ, ಎಚ್.ಡಿ. ಕೋಟೆಯಿಂದ ಹಳೇ ಜೀಪುಗಳು ಈ ಶೆಡ್ಡಿನ ಮುಂದೆ ಸಾಲುಗಟ್ಟುತ್ತಿದ್ದವು. ಒಂದೊಂದಾಗಿ ಗುಜರಿಗೆ ಹೋದವು. ಬೀಚನಹಳ್ಳಿಯ ಕೊನೆಯ ಗಿರಾಕಿ ಕಳೆದ ವರ್ಷ ಹೊಸ ಪಿಕಪ್ ತೆಗೆದುಕೊಂಡು, ತೋರಿಸಲೆಂದು ಇಲ್ಲಿಗೂ ಬಂದಿದ್ದರು. ವೀರಭದ್ರಸ್ವಾಮಿ ಅದರ ಬಾನೆಟ್ ಎತ್ತಿ ನೋಡಿ, ಚೆನ್ನಾಗಿದೆ ಎಂದು ಹೇಳಿ ಮುಚ್ಚಿದರು. ಈಗ ಉಳಿದಿರುವುದು ಕರಿಯಪ್ಪನವರದ್ದೊಂದೇ.

ಅದರ ಸ್ಥಿತಿಯೂ ಹೇಳುವಂತಿಲ್ಲ. ಎಂಜಿನ್ನಿನ ಬೆನ್ನೆಲುಬಾದ ಕ್ರ್ಯಾಂಕನ್ನು ಸವೆದಾಗಲೆಲ್ಲ ಅರೆದು, ಅದಕ್ಕೆ ತಕ್ಕ ದಪ್ಪದ ಬೇರಿಂಗ್ ಕೂರಿಸಿ, ಅದು ಈಗ ಕೊನೆಯ ಸೈಜಿಗೆ ಬಂದು ನಿಂತಿದೆ. ಇನ್ನು ಅರೆಯುವಂತಿಲ್ಲ. ಬೇರೆ ಕ್ರ್ಯಾಂಕಿಗಾಗಿ ವೀರಭದ್ರಸ್ವಾಮಿ ಮೈಸೂರಿನ ಗುಜರಿಗಳನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದಿದ್ದಾರೆ. ಇಷ್ಟು ದಿನ ಆ ಜೀಪನ್ನು ಓಡಿಸಿದ್ದು ಕಬ್ಬಿಣವಲ್ಲ, ಸಂದಿಯಲ್ಲಿ ನಿಂತ ಆಯಿಲ್. ಅದಕ್ಕೇ ಈ ಬೆಳಿಗ್ಗೆ, ತಾವೇ ಹುಡುಕಿದ ಆಯಿಲ್ ಸೋತಿರಲಿ ಎಂದು ಅವರು ಒಳಗೊಳಗೇ ಬೇಡುತ್ತಿದ್ದಾರೆ. ಆಯಿಲ್ ಕೆಟ್ಟಿದ್ದರೆ ಇನ್ನೊಂದು ಹುಡುಕಬಹುದು.

ಬಾಟಲಿಗಳು ತಣ್ಣಗಾಗಿವೆ. ಬೆರಳನ್ನು ನಂಬುವಂತಿಲ್ಲ, ಹಾಗಾಗಿ ಒಂದೊಂದನ್ನೇ ಕೆನ್ನೆಗೆ ಒತ್ತಿ ನೋಡುತ್ತಾರೆ. ಗಾಜು ಒರೆಸುತ್ತಾರೆ. ಸಿರಿಂಜಿನಿಂದ ಅಕ್ಕಪಕ್ಕದಲ್ಲಿ ಎರಡು ತೊಟ್ಟು.

ಕಪ್ಪು ತೊಟ್ಟು ಇಳಿಯುತ್ತದೆ. ಹೊಸ ತೊಟ್ಟೂ ಇಳಿಯುತ್ತದೆ. ಒಂದು ಇನ್ನೊಂದನ್ನು ಹಿಂದೆ ಹಾಕುವುದಿಲ್ಲ. ಜೋಡೆತ್ತಿನ ಹಾಗೆ ಸಮಕ್ಕೆ ಸಮ ನಡೆದು ಎರಡೂ ಒಟ್ಟಿಗೇ ಗಾಜಿನ ಅಂಚು ಮುಟ್ಟುತ್ತವೆ.

"ಸಮ ಬಂತಲ್ಲ ಸ್ವಾಮಣ್ಣ. ಅಂಗಂದ್ರೆ ಒಳ್ಳೇದೇ ತಾನೆ?" ಕರಿಯಪ್ಪನವರಿಗೆ ಇನ್ನೂ ಹೊಳೆದಿಲ್ಲ.

ವೀರಭದ್ರಸ್ವಾಮಿ ಸಿರಿಂಜನ್ನು ಕೆಳಗಿಡುತ್ತಾರೆ. "ಎಣ್ಣೆ ಸೋತಿಲ್ಲ ಕರಿಯಪ್ಪ. ಎಂಜಿನ್ನೇ ಮುಗುದೋಗದೆ. ಇನ್ನ ಯಾವ ಎಣ್ಣೆ ಉಯ್ದ್ರೂ ನಿಲ್ಲಾಕಿಲ್ಲ. ದಾರೀಲಿ ಹಿಡ್ಕೊಂಡು ನಿಂತ್ಬುಡ್ತದೆ. ಹೆಂಗಸ್ರನ್ನ ಕೂರುಸ್ಕಬ್ಯಾಡ."

ಕರಿಯಪ್ಪ ಜೀಪಿನ ಕಡೆ ನೋಡುತ್ತಾರೆ. ವಿಮಲಮ್ಮನ ಕುಡುಗೋಲು, ಗೋಣಿತಾಟು ಹಿಂದಿನ ಸೀಟಿನಲ್ಲೇ ಇವೆ. "ವಿಮ್ಲಂಗೆ ಏನಂತ ಏಳ್ಲಿ? ಇನ್ನೊಂದ್ಸಲ ಬುಟ್ಟು ನೋಡಿ ಸ್ವಾಮಣ್ಣ. ನೀರು ಸರಿಯಾಗಿ ತಣ್ಣಗಿತ್ತೋ ಇಲ್ವೋ."

ನೀರು ಕೊರೆಯುವಷ್ಟು ತಣ್ಣಗಿದೆ. ಅದು ಇಬ್ಬರಿಗೂ ಗೊತ್ತು. ಆದರೂ ವೀರಭದ್ರಸ್ವಾಮಿ ಎದ್ದು ಹೋಗಿ ಬೋರಿನಿಂದ ಹೊಸ ನೀರು ಹಿಡಿದು ತರುತ್ತಾರೆ, ಎರಡೂ ಬಾಟಲಿಯನ್ನು ಮತ್ತೆ ಇಳಿಬಿಡುತ್ತಾರೆ, "ಕೂತ್ಕೊ, ಟೀ ಕುಡಿ" ಅನ್ನುತ್ತಾರೆ.

ಕರಿಯಪ್ಪ ಲೋಟ ಹಿಡಿದು ಅತ್ತ ಹೋದ ಮೇಲೆ, ಬಕೆಟ್ಟಿನಿಂದ ಕಣ್ಣು ತೆಗೆಯದೆ, ದನಿ ತಗ್ಗಿಸಿ ಅವರು ನನಗೆ ಹೇಳಿದ್ದಿಷ್ಟು: "ಈ ಗಾಜು ಒಂದಿನಾನೂ ನಂಗೆ ಸುಳ್ಳು ಏಳಿಲ್ಲ ಸಾರ್. ಇವತ್ತೊಂದಿನ ಏಳ್ಬಾರ್ದಾ ಅನ್ನುಸ್ತದೆ."