ಪಟ್ಟಿ ಯಾರ ತಲೆಗೆ?

ನಮ್ಮ ವಿಜಾಪುರದಲ್ಲಿ ತಲೆ ಒಡೆದರೆ ಪಟ್ಟಿ ಕಟ್ಟುತ್ತಾರೆ, ಮನೆ ಕಟ್ಟಿದರೆ ಪಟ್ಟಿ ತುಂಬಿಸಿಕೊಳ್ಳುತ್ತಾರೆ. ಮೊದಲನೆಯದು ಬಟ್ಟೆ, ಎರಡನೆಯದು ತೆರಿಗೆ. ಎರಡಕ್ಕೂ ಒಂದೇ ಹೆಸರಿಟ್ಟವರು ಅನುಭವಸ್ಥರೇ ಇರಬೇಕು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಸರಕಾರ ಇಂದಿನ ಹೊರೆಯನ್ನು ಸಾಲದ ಹೆಸರಿನಲ್ಲಿ ನಾಳಿನವರ ಹೆಗಲಿಗೆ ಹೇಗೆ ದಾಟಿಸುತ್ತದೆ ಎಂದು ಒಂದು ತಾಸು ಮಾತಾಡಬಲ್ಲೆ. ವಿದ್ಯಾರ್ಥಿಗಳು ಅಷ್ಟೂ ಹೊತ್ತು ಕಿಟಕಿಯಾಚೆ ನೋಡಬಲ್ಲರು.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಪಾಠ ಜೋರಾಪುರ ಪೇಟೆಯ ನಮ್ಮ ಮನೆಗೇ ಬಂತು. ಓಣಿಗೆ ನಳ ಬರಬೇಕಾದರೆ ಎಲ್ಲರೂ ಹೆಚ್ಚಿನ ನೀರಿನ ಪಟ್ಟಿಗೆ ಒಪ್ಪಿ ಸಹಿ ಹಾಕಬೇಕು. ಪಟ್ಟಿ ಈಗಿನಿಂದ, ನೀರು ಕೆಲವು ವರ್ಷದ ಮೇಲೆ. ಒಪ್ಪದಿದ್ದರೆ ಕೊಳವೆ ಪಕ್ಕದ ಓಣಿಗೆ. ಎಲ್ಲರೂ ಸಹಿ ಹಾಕಿದರು, ನಮ್ಮಪ್ಪನೊಬ್ಬನನ್ನು ಬಿಟ್ಟು.

"ನಾ ಇರೋದು ಇನ್ನೆಷ್ಟು ದಿನ? ಸರಕಾರ ಸಾಲಾ ಮಾಡ್ಲಿ, ಮುಂದ ಕುಡಿಯೋರು ತೀರಿಸ್ಲಿ," ಎಂದ.

ನ್ಯಾಯವಾದ ಮಾತೇ. ಪುಸ್ತಕಗಳೂ ಅದನ್ನೇ ಹೇಳುತ್ತವೆ, ಇನ್ನಷ್ಟು ಉದ್ದವಾಗಿ. ತೊಡಕೆಂದರೆ, ಆ ಮುಂದಿನವನು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದ ನಾನು. ನನ್ನ ಮುಂದಿನದು ಹೆಂಡತಿಯ ಹೊಟ್ಟೆಯಲ್ಲಿತ್ತು, ತಕರಾರು ಹೇಳುವ ಸ್ಥಿತಿಯಲ್ಲಿರಲಿಲ್ಲ. ಆಕೆ ಕೊಡ ಹೊತ್ತು ಬಾವಿಯ ಮೆಟ್ಟಿಲು ಹತ್ತುವಾಗ ನಾನು ಹಿಂದೆಯೇ ಓಡುತ್ತಿದ್ದೆ. ಇಸಿದುಕೊಂಡು ನಾನೇ ಹೊತ್ತರೆ ಅರ್ಧ ನೀರು ಮೆಟ್ಟಿಲಿನ ಪಾಲು. ಆಕೆ ಮತ್ತೆ ಇಳಿಯಬೇಕು.

ಅಪ್ಪನಿಗೆ ಹೊರೆ, ಹಂಚಿಕೆ, ತಲೆಮಾರು ಎಂದೆಲ್ಲ ವಿವರಿಸಿದೆ. ಅಪ್ಪ ಆಕಳಿಸಿದ. "ಬಾಂವಿ ಐತಲ್ಲ, ಸಾಕು."

ಒಳಗಿನಿಂದ ಅವ್ವ ಕೇಳಿದಳು: "ಆ ಬಾಂವಿಗೆ ನೀವೇನ್ ಪಟ್ಟಿ ತುಂಬೀರೇನ್ರಿ? ಬಾದಶಾನ ಕಾಲದ ಮಂದಿ ತುಂಬಿ ಹೋಗ್ಯಾರ. ನೀವು ಪುಕಟ ಕುಡ್ಯಾಕತ್ತೀರಿ!"

ಅಪ್ಪನ ಆಕಳಿಕೆ ಅರ್ಧಕ್ಕೇ ನಿಂತಿತು. ಬಬಲೇಶ್ವರದ ಕಡೆಯ ಯಾವನೋ ರೈತ ಎಂದೋ ಬೈಯುತ್ತ ಕೊಟ್ಟ ಕಂದಾಯದಲ್ಲಿ ನಾನು ಹುಟ್ಟಿದಾಗಿನಿಂದ ಮುಖ ತೊಳೆಯುತ್ತಿದ್ದೆ. ಇದು ನನ್ನ ಪಾಠದಲ್ಲಿ ಇರಲಿಲ್ಲ. ಚಹಾ ಆರಿಹೋಯಿತೆಂದು ಅವ್ವನ ಮೇಲೆ ರೇಗಿ, ಅಪ್ಪ ಸಹಿ ಹಾಕಿದ.

ನಳ ಬಂತು, ಸರಕಾರದ ನಡಿಗೆಯಲ್ಲಿ. ಅಷ್ಟರಲ್ಲಿ ಮಗಳು ಮನೆತುಂಬ ಓಡಾಡುತ್ತಿದ್ದಳು. ವರ್ಷವರ್ಷವೂ ಗೊಣಗುತ್ತ ಪಟ್ಟಿ ತುಂಬಿದ್ದ ಅಪ್ಪ ಒಂದು ಗುಟುಕು ಕುಡಿದು, ಸಪ್ಪಗಿದೆ ಎಂದು ಲೋಟ ಕೆಳಗಿಟ್ಟ. ಮಗಳು ನಳದ ಬಾಯಿಗೆ ಅಂಗೈ ಒತ್ತಿದಳು. ನೀರು ಚಿಮ್ಮಿ, ಕಟ್ಟೆಯ ಮೇಲೆ ಕೂತಿದ್ದ ಅಪ್ಪ ರುಮಾಲು ಸಮೇತ ತೊಯ್ದ. ಎಲ್ಲಿ ಬೈಯುತ್ತಾನೋ ಎಂದು ನಾನು ಎದ್ದೆ.

"ಸುಮ್ನ ಕೂಡ್ಲೇ," ಅಪ್ಪ ಮುಖ ಒರೆಸಿಕೊಳ್ಳದೆ ನಕ್ಕ. "ನಾ ತುಂಬಿದ ಪಟ್ಟಿ ವಾಪಸ್ ಕೊಡಾಕತ್ತಾಳ."