ಕೊಡದೇ ಉಳಿದ ಅರ್ಜಿ

ಹಾಸನದ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದ ಸೀನಿಯರ್ ನುಗ್ಗೇಹಳ್ಳಿ ಕಡೆಯವಳು. ಬೆಳಗಿನ ಐದಕ್ಕೇ ಗಟ್ಟಿಯಾಗಿ ಓದುತ್ತಿದ್ದಳು, ನನ್ನ ಬಾಚಣಿಗೆಯನ್ನು ಕೇಳದೆ ಎತ್ತಿಕೊಳ್ಳುತ್ತಿದ್ದಳು. ಏನು ಹೇಳಿದರೂ ಒಂದೇ ಮಾತು: "ಅದ್ನ ನಂಗ್ ಬುಡು ಕಣೇ."

ಮೂರನೇ ವಾರಕ್ಕೆ ಎಲ್ಲ ಸಾಕಾಗಿ, ಎಂ.ಎ. ಬಿಟ್ಟು ನಮ್ಮೂರು ಮಲ್ಲಿಪಟ್ಟಣಕ್ಕೆ ಹೋಗುತ್ತೇನೆಂದು ಅರ್ಜಿ ಬರೆದೆ. "ಆಫೀಸ್ಗೆ ನಾನ್ ಕೊಡ್ತೀನಿ, ನಂಗ್ ಬುಡು" ಎಂದು ಕಸಿದುಕೊಂಡಳು. ದಿನವೂ ಕೇಳಿದರೆ, ಕ್ಲರ್ಕ್ ಬಂದಿಲ್ಲ ಎನ್ನುವಳು. ತಿಂಗಳಾದ ಮೇಲೆ ನಾನೇ ಆಫೀಸಿಗೆ ಹೋದೆ. "ಯಾವ ಅರ್ಜಿಯಮ್ಮ?" ಎಂದರು ಕ್ಲರ್ಕ್.

ರೂಮಿಗೆ ಬಂದು ಕೂಗಾಡಿದೆ. ಅವಳು ದಿಂಬಿನಡಿಯಿಂದ ಅರ್ಜಿ ತೆಗೆದು ಕೊಟ್ಟಳು. "ನಾನೂ ಇಂಗೇ ಬರ್ದ್‌ಕೊಟ್ಟು ಊರಿಗ್ ಓಗಿದ್ದೆ ಕಣೇ. ವಾಪಸ್ ಬರಕ್ಕೆ ಎರಡ್ ವರ್ಷ ಇಡೀತು. ಈಗ ಬೇಕಾದ್ರೆ ನೀನೇ ಕೊಟ್‌ಬಾ."

ಅರ್ಜಿಯನ್ನು ಅಲ್ಲೇ ಹರಿದೆ. ಸಿಟ್ಟು ಮಾತ್ರ ವಾರವಾದರೂ ಇಳಿಯಲಿಲ್ಲ.